ಗೋಡೆ ದಾಟಿದ ಹಾರ್ಡ್ ಡಿಸ್ಕ್

ನಮ್ಮ ಮೊಮ್ಮಗಳು ಬರೆದ ಸೆರಗು ಮಗ್ಗ ಏರಿತು! ಬೆಟಗೇರಿಯ ನೇಕಾರರು ಚಿತ್ರ ನೋಡಿ, ಇದನ್ನೇ ನೇಯುತ್ತೇವೆ ಎಂದರು. ನಿನ್ನೆ ಮುಂಜಾನೆ ಸುದ್ದಿ ಬಂದಾಗಿನಿಂದ ಓಣಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ. ಹಾಲು ಹಾಕುವವನಿಗೆ ಎರಡು ಸಲ ಹೇಳಿದೆನಂತೆ, ಹೇಳಿದರೇನಾಯಿತು? ಹೇಳಲಿಕ್ಕೆ ಉಳಿದವಳು ಬಾಜೂ ಮನೆಯಾಕೆ ಒಬ್ಬಳೇ. ಆಕೆ ಈಗಿಲ್ಲ.

ಮೊಮ್ಮಗಳ ಮೇಜಿನ ಮೇಲಿರುವ ಕರಿ ಹಾರ್ಡ್ ಡಿಸ್ಕನ್ನು ಮೂಗಿಗೆ ಹಿಡಿದರೆ ಇನ್ನೂ ಡಾಂಬರು ಗುಳಿಗೆಯ ಘಾಟು. ಬಾಜೂ ಮನೆಯಾಕೆಯ ಟ್ರಂಕಿನ ಘಾಟು ಅದು. ಆಕೆಯ ಮಾತೂ ಹಾಗೇ ಇತ್ತು, ಮೂಗಿಗೆ ಹೊಡೆಯುವಂಥದ್ದು.

ಈ ಮೊಮ್ಮಗಳು ಹುಟ್ಟಿದಾಗ ನಾನು ಕುಣಿಯುತ್ತ ಪೇಢೆ ಕೊಡಲು ಹೋಗಿದ್ದೆ. ಆಕೆ ಪೇಢೆಯನ್ನು ಮುರಿದು ಅರ್ಧ ನನ್ನ ಕೈಗೇ ವಾಪಸು ಇಟ್ಟಳು. "ಹೆಣ್ಣು ಹುಟ್ಟಿದ್ದಕ್ಕ ಇಡೀ ಪೇಢಾ ಯಾಕವಾ? ಅರ್ಧಾ ಸಾಕು." ಆ ಅರ್ಧ ಪೇಢೆಯನ್ನು ಆಕೆಯ ಬಾಗಿಲಲ್ಲೇ ಬಿಸಾಕಿ ಬಂದೆ. ಅಂದಿನಿಂದ ಮಾತು ಬಂದ್.

ಆದರೆ ಜಗಳ ಜಗಳದ ಜಾಗದಲ್ಲಿ, ಹೆಪ್ಪು ಹೆಪ್ಪಿನ ಜಾಗದಲ್ಲಿ. ಹೆಪ್ಪು ಕೇಳಿದವರಿಗೆ ಇಲ್ಲ ಎನ್ನಬಾರದು, ವೈರಿಯಾದರೂ. ನಮ್ಮಲ್ಲಿ ಮೊಸರು ಕೆಟ್ಟರೆ ನಡುವಿನ ಗೋಡೆಯ ಮೇಲೆ ಖಾಲಿ ಬಟ್ಟಲು ಇಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅದರಲ್ಲಿ ಒಂದು ಚಮಚೆ ಮೊಸರು ಇರುತ್ತಿತ್ತು. ಅವರಲ್ಲಿ ಕೆಟ್ಟರೆ ಆಕೆಯ ಬಟ್ಟಲು ಬರುತ್ತಿತ್ತು. ಮಾತಿಲ್ಲ, ಕತೆಯಿಲ್ಲ. ಬಟ್ಟಲನ್ನು ಮಾತ್ರ ಠಣ್ ಎಂದು ಇಡಬೇಕು, ಸಿಟ್ಟು ಕೇಳಿಸಬೇಕಲ್ಲ!

ಮೊಮ್ಮಗಳು ದೊಡ್ಡವಳಾಗಿ ಮನೆಯ ಕಂಪ್ಯೂಟರಿನಲ್ಲಿ ಸೀರೆಯ ಅಂಚು, ಸೆರಗು ಬರೆಯತೊಡಗಿದಳು. ಕಂಪ್ಯೂಟರ್ ಕೆಟ್ಟರೆ ಬರೆದದ್ದೆಲ್ಲ ಹೋಗುತ್ತದೆ, ಇನ್ನೊಂದು ಪ್ರತಿ ಇಡಲು ಹಾರ್ಡ್ ಡಿಸ್ಕ್ ಬೇಕು ಎಂದಳು. ಯಾವುದು ತರುವುದು? ಹಿತ್ತಲಲ್ಲಿ ಪಂಚಾಯ್ತಿಯೇ ನಡೆಯಿತು. ಒಳಗೆ ತಟ್ಟೆ ತಿರುಗುವಂಥದ್ದು ಒಂದು ತರಹದ್ದಂತೆ. ಅದರಲ್ಲಿ ಜಾಗ ಬಹಳ, ಆದರೆ ಕೈಜಾರಿ ಬಿದ್ದರೆ ಕೆಡುತ್ತದೆ. ಏನೂ ತಿರುಗದಂಥದ್ದು ಇನ್ನೊಂದು. ಪೆಟ್ಟು ತಾಳುತ್ತದೆ, ಆದರೆ ತುಟ್ಟಿ.

"ದೊಡ್ಡದ ತಗೊಳವಾ. ಒಂದ ಇರಲಿ, ಕಂಪ್ಯೂಟರ್ ಬಾಜೂಕ ಇರಲಿ," ಎಂದೆ ನಾನು.

ಗೋಡೆಯಾಚೆಯಿಂದ ಆಕೆಯ ದನಿ ಬಂತು. "ಹೆಪ್ಪು ಒಂದ ಮನ್ಯಾಗ ಇದ್ರ ಅದು ಹೆಪ್ಪಲ್ಲ ತಂಗಿ! ಸಣ್ಣವು ಎರಡು ತಗೋ. ಒಂದು ಈ ಗ್ವಾಡಿ ದಾಟಿಸು. ನಿಮ್ಮಾಯಿ ಮಾತು ಕೇಳಿದ್ರ ಮನ್ಯಾಗ ಹಾಲೂ ಉಳಿಯಂಗಿಲ್ಲ."

"ಎಲ್ಲಾರ ಗ್ವಾಡಿಗೂ ಕಿವಿ ಇರ್ತಾವ, ನಮ್ಮ ಗ್ವಾಡಿಗೆ ಬಾಯೂ ಐತಿ ನೋಡು!" ಎಂದು ನಾನು ಮೊಮ್ಮಗಳಿಗೆ ಹೇಳಿದೆ, ಆಚೆ ಕೇಳಿಸುವಂತೆ.

ಆದರೆ ಹುಡುಗಿ ಆಕೆಯ ಮಾತನ್ನೇ ಹಿಡಿದಳು. ಗದಗಿನ ಅಂಗಡಿಯಿಂದ ಸಣ್ಣವೇ ಎರಡು ಬಂದವು. ಗೋಡೆ ದಾಟುವಾಗ ಬಿದ್ದರೂ ತಾಳಲಿ ಎಂದು ತಿರುಗದಂಥವನ್ನೇ ಆರಿಸಿದ್ದಳು. ಒಂದು ನಮ್ಮ ಕಂಪ್ಯೂಟರಿಗೆ ಅಂಟಿಕೊಂಡಿತು. ಇನ್ನೊಂದನ್ನು ನನ್ನದೇ ಹೆಪ್ಪಿನ ಬಟ್ಟಲಲ್ಲಿಟ್ಟು ಗೋಡೆಯ ಮೇಲೆ ಇಟ್ಟಳು! ನನ್ನ ಹೊಟ್ಟೆ ಉರಿದುಹೋಯಿತು. ಅರ್ಧ ಪೇಢೆಯವಳ ಮನೆಯಲ್ಲಿ ನನ್ನ ಕೂಸಿನ ಕೆಲಸವೆಲ್ಲ!

ಪ್ರತಿ ಸೋಮವಾರ ಆ ಡಿಸ್ಕ್ ಖಣದ ಬಟ್ಟೆಯಲ್ಲಿ ಸುತ್ತಿಕೊಂಡು ಈಚೆ ಬರುತ್ತಿತ್ತು, ಹೊಸ ಚಿತ್ರಗಳನ್ನು ತುಂಬಿಕೊಂಡು ಆಚೆ ಹೋಗುತ್ತಿತ್ತು. ಬಟ್ಟಲು ಮಾತ್ರ ಬರಲಿಲ್ಲ. ಹಿರೇಹಂದಿಗೋಳದ ನನ್ನ ತವರವರು ಹೆಸರು ಹೊಡೆಸಿ ಕೊಟ್ಟ ಬಟ್ಟಲು ಅದು. ತಡೆಯಲಾರದೆ ಒಮ್ಮೆ ನಾನೇ ಕೂಗಿದೆ, "ನನ್ನ ಬಟ್ಟಲ ಕೊಡು!"

"ನಿನ್ನ ಬಟ್ಟಲ ನನಗ್ಯಾಕ? ನಿನ್ನ ಹೆಸರು ದಿನಾ ಓದಾಕೇನು?"

ಕಳ್ಳಿ ಎಂದೆ. ಓಣಿಗೆಲ್ಲ ಹೇಳಿದೆ.

ಸೆರಗಿನ ಚಿತ್ರ ಮುಗಿದ ಸೋಮವಾರವೂ ಡಿಸ್ಕ್ ಆಚೆ ಹೋಯಿತು. ಆ ವಾರದಲ್ಲೇ ಆಕೆ ಹೋದಳು... ಲಕ್ಷ್ಮೇಶ್ವರದಲ್ಲಿರುವ ಮಗ ಬಂದು ಎಲ್ಲ ಮುಗಿಸಿ ಮನೆಗೆ ಕೀಲಿ ಹಾಕಿಕೊಂಡು ಹೋದ. ಅಂಥ ಹೊತ್ತಿನಲ್ಲಿ ಡಿಸ್ಕಿನ ಮಾತು ಯಾರು ಎತ್ತಬೇಕು?

ಅಷ್ಟರಲ್ಲಿ ಒಂದು ಸಂಜೆ ಗುಡುಗಿನ ಮಳೆ. ಸಿಡಿಲಿಗೆ ಕಂಪ್ಯೂಟರ್ ಹೋಯಿತು, ಅದಕ್ಕೆ ಅಂಟಿಕೊಂಡಿದ್ದ ಡಿಸ್ಕೂ ಹೋಯಿತು. ಚಿತ್ರ ತಗೊಂಡು ಬಾ ಎಂದು ನೇಕಾರರು ಕರೆದಿದ್ದರು. ಮೊಮ್ಮಗಳು ಅಳುತ್ತ ಕುಳಿತಳು. ಉಳಿದದ್ದು ಕೀಲಿ ಹಾಕಿದ ಆ ಮನೆಯೊಳಗಿನ ಡಿಸ್ಕ್ ಒಂದೇ. ನಾನೇ ಫೋನು ಮಾಡಿದೆ.

"ತಮ್ಮಾ, ನಾ ನಿಮ್ಮ ಬಾಜೂ ಮನಿಯಾಕಿ..."

"ಗೊತ್ತಾತು ದೊಡ್ಡವ್ವ. ಬಟ್ಟಲ ಕೇಳಾಕ ಒಂದಿನ ಬಂದ ಬರ್ತಾಳ, ಆವಾಗ ಕೊಡು ಅಂತ ಅವ್ವ ಹೇಳ್ಯಾಳ."

ಮರುದಿನವೇ ಮಗ, ಸೊಸೆ ಬಂದು ಟ್ರಂಕು ತೆಗೆದರು. ಆಕೆಯ ಒಳ್ಳೆಯ ಸೀರೆಗಳ ನಡುವೆ ನನ್ನ ಬಟ್ಟಲು, ಬಟ್ಟಲಿನಲ್ಲಿ ಖಣದ ಬಟ್ಟೆ, ಬಟ್ಟೆಯೊಳಗೆ ಡಿಸ್ಕ್. ಸುತ್ತಲೂ ಡಾಂಬರು ಗುಳಿಗೆ.

"ನೋಡ್ರಿ, ಕದ್ದದ್ದು ಖರೆ ಆತಿಲ್ಲೋ!" ಎಂದು ಕೂಗಿದೆ. ಯಾರೂ ನಗಲಿಲ್ಲ.

ಸೆರಗು ಅದರಲ್ಲಿ ಹಾಗೇ ಇತ್ತು. ಅದೇ ಈಗ ಮಗ್ಗದ ಮೇಲಿದೆ. ಆಕೆ ಬದುಕಿದ್ದರೆ ನಿನ್ನೆ ಗೋಡೆ ಹಾರಿ ಹೋಗಿ ಇಡೀ ಪೇಢೆಯನ್ನು ಬಾಯಿಗೆ ತುರುಕುತ್ತಿದ್ದೆ. ಆ ಅರ್ಧ ಪೇಢೆಯನ್ನು ನಾನು ಇಂದಿಗೂ ಮರೆತಿಲ್ಲ, ಮರೆಯುವುದೂ ಇಲ್ಲ. ಜಗಳ ಇನ್ನೂ ಬಾಕಿ ಇತ್ತು, ನಡುವೆಯೇ ಎದ್ದು ಹೋದಳು.

ನಿನ್ನೆ ಸಂಜೆ ಲಕ್ಷ್ಮೇಶ್ವರದವರನ್ನೂ ಕರೆದು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತೆವು. ಹೋಳಿಗೆ, ರೊಟ್ಟಿ, ಎಣ್ಣೆಗಾಯಿ, ಕೊನೆಗೆ ಗಟ್ಟಿ ಮೊಸರು. ಆಕೆಯ ಸೊಸೆ ಮೊಸರು ಬಾಯಿಗಿಟ್ಟು ತಲೆ ಎತ್ತಿದಳು.

"ನಮ್ಮತ್ತಿ ಮೊಸರಿದ್ದಂಗ ಐತಲ್ರಿ."

ಇರದೆ ಏನು? ಕಳೆದ ಚಳಿಯಲ್ಲಿ ನಮ್ಮದು ಕೆಟ್ಟಾಗ ಗೋಡೆ ದಾಟಿ ಬಂದ ಹೆಪ್ಪು ಅದು. ಆ ಮನೆಯಲ್ಲಿ ಈಗ ಹಾಲೇ ಕಾಯುವುದಿಲ್ಲ. ನಮ್ಮಲ್ಲಿ ಕೆಟ್ಟರೆ ಗೋಡೆಯ ಮೇಲೆ ಬಟ್ಟಲಿಟ್ಟು ಯಾರ ದಾರಿ ಕಾಯಲಿ?

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂದು ಮೊದಲೇ ತೆಗೆದಿರಿಸಿದ್ದೆ, ನನ್ನ ಹೆಸರಿನ ಆ ಬಟ್ಟಲಲ್ಲೇ. ಸೊಸೆಯ ಎಲೆಯ ಪಕ್ಕಕ್ಕೆ ಠಣ್ ಎಂದು ಇಟ್ಟೆ.

"ಒಂದ ಮನ್ಯಾಗ ಇರಬಾರ್ದಂತ. ಲಕ್ಷ್ಮೇಶ್ವರಕ್ಕ ಒಯ್ಯವಾ. ಬಟ್ಟಲ ಮಾತ್ರ ತಿರುಗಿ ತಂದ ಕೊಡು, ನಿಮ್ಮತ್ತಿಯಂಗ ಮಾಡಬ್ಯಾಡ."

ಎಲ್ಲರೂ ನಕ್ಕರು. ನಾನು ಎಲ್ಲರಿಗೂ ಇನ್ನೊಂದು ಸುತ್ತು ಮೊಸರು ಬಡಿಸಿದೆ.