ಪದ್ಮಕ್ಕ ಹೇಳಿಕೊಟ್ಟ ಮೆಲ್ಬರ್ನ್ ದಾರಿ

ಆಕ್ಲೆಂಡಿನ ಸ್ಯಾಂಡ್ರಿಂಗಮ್ ಬಡಾವಣೆಯ ಕನ್ನಡದ ಮನೆಗಳಲ್ಲಿ ಒಂದು ಮಾತಿತ್ತು: ಟಿಕೆಟ್ ಬೇಕಾದರೆ ಏಜೆಂಟನ ಹತ್ತಿರ ಹೋಗಿ, ದಾರಿ ಬೇಕಾದರೆ ಪದ್ಮಕ್ಕನ ಹತ್ತಿರ ಬನ್ನಿ. ಎದುರು ಮನೆಯ ಬೆಂಗಳೂರಿನ ರಮಾ ಇನ್ನೂ ಒಂದು ಕೈ ಮೇಲೆ. "ಆ ಆಂಟಿ ನೋಡದೇ ಇರೋ ಸ್ಟೇಡಿಯಂ ಇನ್ನೂ ಯಾರೂ ಕಟ್ಟೇ ಇಲ್ಲ" ಅನ್ನುತ್ತಿದ್ದಳು.

ಪದ್ಮಕ್ಕ ಅಂದರೆ ಪದ್ಮಾವತಿ. ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಪಿ.ಟಿ. ಟೀಚರಾಗಿದ್ದವಳು. ಮದುವೆ ಯಾಕಾಗಲಿಲ್ಲ ಅಂತ ಯಾರಾದರೂ ಕೇಳಿದರೆ, "ಓಡೂದು ಕಲಿಸ್ಕೋತ ನಿಂತೆ, ಹಿಡಿಯಾಕ ಬಂದವ್ರ ಕೈಗೆ ಸಿಗಲಿಲ್ಲ" ಎಂದು ಅವರನ್ನೇ ನಗಿಸಿ ಕಳಿಸುತ್ತಿದ್ದಳು. ತಂಗಿ ಪ್ರಭಾ ಗಂಡ ಶಿವಪುತ್ರಪ್ಪನ ಜೊತೆ ಆಕ್ಲೆಂಡಿಗೆ ಬಂದು, ಬಸುರಿಯಾಗಿ, ತವರಿನವರು ಯಾರೂ ಹತ್ತಿರ ಇಲ್ಲದೆ ಫೋನಿನಲ್ಲಿ ಅತ್ತಾಗ ಪದ್ಮಕ್ಕ ಕೆಲಸ ಬಿಟ್ಟು ಹೊರಟು ಬಂದಳು. ಅದು ತೊಂಬತ್ತೇಳರ ಮಾತು. ಬರುವ ಮುಂಚೆ ತಂಗಿ ಒಂದು ಮಾತು ಕೊಟ್ಟಿದ್ದಳು: ಕೂಸು ಕೈಗೆ ಬರಲಿ, ನಿನ್ನ ಮೆಲ್ಬರ್ನ್‌ಗೆ ಕರಕೊಂಡು ಹೋಗತೇನಿ.

ಮೆಲ್ಬರ್ನೇ ಯಾಕೆ ಅಂದರೆ, ಐವತ್ತಾರರ ನವೆಂಬರಿನಲ್ಲಿ ಅಲ್ಲಿ ಒಲಿಂಪಿಕ್ಸ್ ಶುರುವಾದ ವಾರವೇ ಗದಗಿನಲ್ಲಿ ಪದ್ಮಕ್ಕ ಹುಟ್ಟಿದ್ದು. ಹೈಸ್ಕೂಲಿನ ಆಟದ ಸಾಮಾನಿನ ಕೋಣೆಯಲ್ಲಿ ಆ ಮೈದಾನದ ಚಿತ್ರ ತೂಗುಹಾಕಿದ್ದರು. ಹದಿನೆಂಟು ವರ್ಷ ಅದರ ಕೆಳಗೆ ಕೂತು ಚಹಾ ಕುಡಿದವಳಿಗೆ ಒಮ್ಮೆ ಅದರ ಅಂಚಿನಲ್ಲಿ ನಿಲ್ಲಬೇಕು ಅನ್ನುವ ಆಸೆ ಹುಟ್ಟದೆ ಇರುತ್ತದೆಯೇ?

ಪ್ರಭಾಳ ಕೂಸು ಮಯೂರಿ ಬೆಳೆಯಿತು. ಪದ್ಮಕ್ಕ ಅದೇ ಊರಿನ ಇನ್ನೊಂದು ಬಡಾವಣೆ ಒನೆಹುಂಗಾದ ಒಂದು ಶಿಶುವಿಹಾರದಲ್ಲಿ ಅರ್ಧ ದಿನದ ಕೆಲಸ ಹಿಡಿದಳು. ಮಿಕ್ಕ ಹೊತ್ತಿನಲ್ಲಿ ರೊಟ್ಟಿ ಬಡಿಯುತ್ತ ದಾರಿ ಕಲಿತಳು. ಊರಿಂದ, ಪರದೇಶದಿಂದ ಯಾರೇ ತಿರುಗಾಡಿ ಬರಲಿ, ಅವರನ್ನು ಊಟಕ್ಕೆ ಕರೆಯುವುದು. ಎಣ್ಣೆಗಾಯಿ ಬಡಿಸಿ, ಹೇಳುವುದೆಲ್ಲ ಹೇಳುವ ತನಕ ಎಲೆ ಬಿಟ್ಟು ಏಳಗೊಡದಿರುವುದು. ಒಬ್ಬರ ಮಾತನ್ನು ಮಾತ್ರ ನಂಬುತ್ತಿರಲಿಲ್ಲ. ಶಾಲೆಯ ಓಟದಲ್ಲಿ ಮೂರು ಜನ ಮೂರು ಗಡಿಯಾರ ಹಿಡಿದು ನಿಂತು, ಮೂರೂ ಬೇರೆ ಬೇರೆ ಬಂದರೆ ನಡುವಿನದ್ದನ್ನು ಬರೆದುಕೊಳ್ಳುತ್ತಾರಲ್ಲ, ಹಾಗೆ ಒಂದೊಂದು ಮೈದಾನಕ್ಕೂ ಮೂವರ ಸಾಕ್ಷಿ.

ಅದರಿಂದಲೇ ಅವಳ ಮಾತು ತಪ್ಪುತ್ತಿರಲಿಲ್ಲ. ಸಿಡ್ನಿಯ ಒಲಿಂಪಿಕ್ ಪಾರ್ಕಿಗೆ ಆಟವಿಲ್ಲದ ದಿನಗಳಲ್ಲಿ ಹೋಗುವವರು ಲಿಡ್‌ಕಮ್ಮಿನಲ್ಲಿ ರೈಲು ಬದಲಿಸಬೇಕು. ಈಜುಬಟ್ಟೆ ಒಯ್ಯಿರಿ, ಪದಕ ಗೆದ್ದವರು ಈಜಿದ ಕೊಳದಲ್ಲಿ ನೀವೂ ಇಳಿಯಬಹುದು. ಅಥೆನ್ಸಿನ ಹಳೆಯ ಕ್ರೀಡಾಂಗಣ ಪೂರಾ ಅಮೃತಶಿಲೆ, ಮಧ್ಯಾಹ್ನ ಹೋದರೆ ಕಣ್ಣು ಕುಕ್ಕುತ್ತದೆ, ಬೆಳಿಗ್ಗೆಯೇ ಮುಗಿಸಿ. ಬಾರ್ಸಿಲೋನಾದಲ್ಲಿ ಗುಡ್ಡ ಹತ್ತುವ ಹುಚ್ಚು ಬೇಡ, ಓಡುಮೆಟ್ಟಿಲು ಇದೆ, ಅದರಲ್ಲಿ ಹತ್ತಿ, ನಡೆದು ಇಳಿಯಿರಿ. ಮೆಲ್ಬರ್ನಿನಲ್ಲಿ ಪಂದ್ಯವಿದ್ದ ದಿನ ಒಳಗೆ ತೋರಿಸುವವರು ಇರುವುದಿಲ್ಲ, ಮೊದಲು ಫೋನ್ ಮಾಡಿ. ದೊಡ್ಡ ಗುಂಪಾದರೆ ಮುಂಚೆಯೇ ಹೇಳಿಡಿ. ಮತ್ತೆ ಎಲ್ಲ ಊರಿಗೂ ಒಂದೇ ಮಾತು: ಹೊಸ ಬೂಟು ಹಾಕಿಕೊಂಡು ಹೋಗಬೇಡಿ, ಚಟ್ನಿಪುಡಿ ಒಯ್ದರೆ ಏರ್‌ಪೋರ್ಟಿನ ತಪಾಸಣೆ ಚೀಟಿಯಲ್ಲಿ ಬರೆಯಿರಿ, ಮುಚ್ಚಿಡಬೇಡಿ.

ಕಣ್ಣಾರೆ ಕಂಡವಳಂತೆ ಎಡ-ಬಲ ಹೇಳುತ್ತಿದ್ದಳು. ಹೋಗಿ ಬಂದಿದ್ದೇನೆ ಅಂತ ಅವಳು ಒಮ್ಮೆಯೂ ಹೇಳಲಿಲ್ಲ. ಹೋಗಿದ್ದೀರಾ ಅಂತ ಯಾರೂ ಕೇಳಲೂ ಇಲ್ಲ. ಅವಳು ಎಲ್ಲಿಗೂ ಹೋಗಿಲ್ಲ ಅನ್ನುವುದು ಗೊತ್ತಿದ್ದದ್ದು ತಂಗಿಯ ಮನೆಯವರಿಗೆ ಮಾತ್ರ. ರಮಾ ಹೊಗಳಿ ಹೋದ ದಿನ ಅಕ್ಕ-ತಂಗಿ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಹಿಡಿದು ನಕ್ಕದ್ದೂ ಉಂಟು.

ಎರಡು ಸಾವಿರದ ಏಳರಲ್ಲಿ, ಮಕ್ಕಳ ರಜೆಗೆ ಹತ್ತು ದಿನ ಮೆಲ್ಬರ್ನ್ ಅಂತ ಕನ್ನಡದವರ ಗುಂಪೊಂದು ಸಿದ್ಧವಾಯಿತು. ಮುಂದಾಳು ಪದ್ಮಕ್ಕನೇ. ತಂಗಿಯ ಮನೆಯವರು ಈ ದೇಶದ ಪ್ರಜೆಗಳಾಗಿದ್ದರು, ಅಲ್ಲಿಗೆ ಹೋಗಲು ಅವರಿಗೆ ವೀಸಾ ಬೇಕಿರಲಿಲ್ಲ. ಪದ್ಮಕ್ಕನದು ಇನ್ನೂ ಇಂಡಿಯಾದ ಪಾಸ್‌ಪೋರ್ಟ್. ಅರ್ಜಿ ತುಂಬಿ, ಪಾಸ್‌ಪೋರ್ಟಿನ ಜೊತೆ ಕಳಿಸಿಬಿಡು ಅಂತ, ಪೇಟೆಯಲ್ಲಿ ಆಫೀಸಿದ್ದ ಪ್ರಭಾಳ ಕೈಗೆ ಕೊಟ್ಟಳು. ವಾರಕ್ಕೊಮ್ಮೆ ಕೇಳುವಳು, ಇನ್ನೂ ಬಂದಿಲ್ಲಕ್ಕಾ ಅನ್ನುವಳು ಪ್ರಭಾ. ಅರ್ಜಿ ಕೊಟ್ಟ ಮರುದಿನವೇ, ಗದಗಿನಿಂದ ಬಂದಿದ್ದ ಶಿವಪುತ್ರಪ್ಪನ ತಾಯಿ ನೀಲವ್ವ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಮುರಿದುಕೊಂಡು ಮಲಗಿದ್ದಳು.

ಹೊರಡಲು ಎರಡು ವಾರ ಇದ್ದಾಗ, ಒಂದು ಭಾನುವಾರ, ಗುಂಪೆಲ್ಲ ಪ್ರಭಾಳ ಮನೆಯಲ್ಲಿ ಕೂಡಿತು. ಪದ್ಮಕ್ಕ ಚುರುಮುರಿ ಹಂಚುತ್ತಿದ್ದಳು. ರಮಾ ಹೆಸರಿನ ಪಟ್ಟಿ ಓದಿ ಮುಗಿಸಿ, ಮತ್ತೆ ಮೇಲಿಂದ ಕೆಳಗೆ ನೋಡಿದಳು. "ಆಂಟಿ, ನಿಮ್ ಹೆಸ್ರೇ ಇಲ್ವಲ್ಲ?"

"ಅಕ್ಕಾ ಬರೂದಿಲ್ರಿ, ವೀಸಾ ಬರಲಿಲ್ಲ" ಅಂದಳು ಪ್ರಭಾ. "ನಾನ ಮುಂದ ನಿಂತು ಎಲ್ಲಾ ತೋರಸ್ತೇನಿ."

"ಆಂಟಿ ಇಲ್ದೆ ಹೆಂಗ್ರೀ? ಅಷ್ಟು ಸಲ ಹೋಗ್ ಬಂದೋರು ಅವರು."

ಆಗ ಪ್ರಭಾ ತಟ್ಟೆಯ ಕಡೆ ನೋಡುತ್ತ ಹೇಳಿದಳು: "ಎಲ್ಲಿ ಹೋಗ್ಯಾಳ್ರಿ? ಆಕಿ ವಿಮಾನ ಹತ್ತಿದ್ದು ಇಲ್ಲಿಗೆ ಬರೂವಾಗ, ಒಂದ ಸಲ. ಉಳಿದದ್ದೆಲ್ಲಾ ಮಂದಿ ಬಾಯಾಗಿಂದು."

ಯಾರೋ ಚಹಾದ ಕಪ್ಪಿನೊಳಗೆ ನಕ್ಕರು. ಪದ್ಮಕ್ಕನ ಕೈಯಲ್ಲಿ ಚುರುಮುರಿಯ ಬುಟ್ಟಿ ಹಾಗೇ ಇತ್ತು. ರಮಾಳ ಮುಖ ಸಣ್ಣದಾಯಿತು. ನಮಗೆ ಹೇಳಬಹುದಿತ್ತಲ್ಲ ಆಂಟಿ, ಅಂದಳು. ನೀವು ಯಾರೂ ಕೇಳಲಿಲ್ಲವ್ವ ಅಂದು ಪದ್ಮಕ್ಕ ಉಳಿದವರಿಗೂ ಬಡಿಸಿ, ಒಳಗೆ ಹೋದಳು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದಳೇನೋ. ಮರುದಿನ ನೀಲವ್ವನಿಗೆ ಹೊದಿಕೆ ಬೇಕಾಗಿ ತಂಗಿಯ ಕಪಾಟು ತೆಗೆದಳು. ಹೊದಿಕೆಯ ಕೆಳಗೆ ತನ್ನ ಪಾಸ್‌ಪೋರ್ಟು. ಅದರೊಳಗೆ ತಾನೇ ತುಂಬಿದ ಅರ್ಜಿ, ತಾನು ಮಡಚಿಕೊಟ್ಟ ಮಡಿಕೆಯಲ್ಲೇ ಇತ್ತು. ವೀಸಾ ಬಾರದಿದ್ದುದಲ್ಲ, ಕೇಳಿಯೇ ಇರಲಿಲ್ಲ.

ಸಂಜೆ ಪ್ರಭಾ ಆಫೀಸಿನಿಂದ ಬಂದಾಗ ಪದ್ಮಕ್ಕ ಆ ಅರ್ಜಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು.

ಪ್ರಭಾ ಚೀಲ ಇಳಿಸಲಿಲ್ಲ. "ಅತ್ತೀನ್ನ ಯಾರ ಕೈಯಾಗ ಬಿಟ್ಟು ಹೋಗೂದಕ್ಕಾ? ನಿನಗ ಹೇಳಿದ್ರ, ನಾ ಇರ್ತೇನಿ, ನೀವು ಹೋಗಿ ಬರ್ರಿ ಅಂತ ನೀನ ಅಂತಿದ್ದಿ."

"ಅಂತಿದ್ದೆ" ಅಂದಳು ಪದ್ಮಕ್ಕ. "ಕೇಳಬೇಕಿತ್ತು."

"ಮುಂದಿನ ವರ್ಷ ಹೋಗೂಣಂತ."

"ಮಂದಿ ಮುಂದ ಯಾಕ ಹೇಳಿದಿ? ಅದು ನಮ್ಮಿಬ್ಬರ ಮಾತಾಗಿತ್ತು."

ಒಲೆಯ ಮೇಲೆ ಬೇಳೆ ಉಕ್ಕಿತು; ಇಬ್ಬರೂ ಅದನ್ನು ಇಳಿಸಲಿಲ್ಲ.

ಗುಂಪು ಹೋಯಿತು. ದಾರಿ ಬರೆದ ಹಾಳೆಗಳನ್ನು ಪ್ರಭಾ ಕೇಳದೆಯೇ ಒಯ್ದಳು. ಪದ್ಮಕ್ಕ ಹತ್ತು ದಿನ ನೀಲವ್ವನನ್ನು ಎತ್ತಿದಳು, ಕೂರಿಸಿದಳು, ಕಾಲಿಗೆ ಎಣ್ಣೆ ತಿಕ್ಕಿದಳು. ಮುದುಕಿ ಏನು ಮಾಡಿತ್ತು? ವಿಷಯ ತಿಳಿದ ನೀಲವ್ವ ಒಂದು ಮಧ್ಯಾಹ್ನ, ನನ್ನ ಕಾಲು ನಿನ್ನ ಕಾಲಿಗೆ ತೊಡರು ಹಾಕ್ತವ್ವಾ, ಅಂತ ಅತ್ತಳು. ಪದ್ಮಕ್ಕ ಎಣ್ಣೆ ಕೈಯಲ್ಲೇ ಅವಳ ಕಣ್ಣು ಒರೆಸಲು ಹೋಗಿ, ಇಬ್ಬರಿಗೂ ನಗು ಬಂತು. ಆದರೆ ಆ ಹತ್ತು ದಿನಗಳಲ್ಲಿ, ಒನೆಹುಂಗಾದಲ್ಲಿ ಶಿಶುವಿಹಾರದ ಗೆಳತಿಯೊಬ್ಬಳ ಮನೆಯ ಹಿಂದಿನ ಕೋಣೆಯನ್ನು ಅವಳು ತನಗಿರಲು ನೋಡಿಬಂದಿದ್ದಳು.

ಗುಂಪು ತಿರುಗಿ ಬಂದ ದಿನ ಪ್ರಭಾ ಬಾಗಿಲಲ್ಲೇ ನಿಂತು, ತಾನಾಗಿಯೇ ಅಂದಳು: "ನೀ ಹೇಳಿದಂಗ ಇತ್ತಕ್ಕಾ ಎಲ್ಲಾ. ಒಂದು ತಿರುವೂ ತಪ್ಪಲಿಲ್ಲ." ಹೊಗಳಿಕೆ ಅಂದುಕೊಂಡೇ ಅಂದದ್ದು. ಮೈದಾನದ ಹುಲ್ಲು ಹೇಗಿತ್ತು ಅಂತ ನಾಲಿಗೆ ತುದಿಗೆ ಬಂದದ್ದನ್ನು ಪದ್ಮಕ್ಕ ಕೇಳಲಿಲ್ಲ. ಎಷ್ಟೋ ಪ್ರವಾಸಿಗಳನ್ನು ಕೂರಿಸಿ ಕೇಳಿದವಳು, ಈ ಒಬ್ಬಳನ್ನು ಮಾತ್ರ ಊಟಕ್ಕೆ ಕೂರಿಸಿ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಒಂದು ಸೂಟ್‌ಕೇಸು, ಒಂದು ಕೈಚೀಲ. ಶಿವಪುತ್ರಪ್ಪ ಕಾರಿನ ಕೀಲಿ ಹಿಡಿದು, "ಬಿಟ್ಟು ಬರ್ತೇನ್ರಿ ಅಕ್ಕಾರ" ಅಂದ. ಬಸ್ಸು ಗೊತ್ತೈತಿ ಅಂದಳು ಪದ್ಮಕ್ಕ. ಮಯೂರಿ ಮೆಟ್ಟಿಲ ಮೇಲೆ ಕೂತಿತ್ತು. "ದೊಡ್ಡವ್ವಾ, ವೆನ್ ಆರ್ ಯು ಕಮಿಂಗ್ ಬ್ಯಾಕ್?"

ಪದ್ಮಕ್ಕ ಬಗ್ಗಿ ಅದರ ಬೂಟಿನ ದಾರ ಕಟ್ಟಿದಳು. "ನೀ ಬಾ ಒನೆಹುಂಗಾಕ್ಕ. ರೊಟ್ಟಿ ಮಾಡಿರ್ತೇನಿ."

ಒಳಗಿನಿಂದ ಪ್ರಭಾ ಬಂದು ತಡೆಯುವವಳಂತೆ ಬಾಗಿಲ ಚೌಕಟ್ಟು ಹಿಡಿದಳು. "ಸಿಟ್ಟು ಇಳದ ಮ್ಯಾಲೆ ಬರ್ತಿ ಹೌದಲ್ಲೋ?"

"ಸಿಟ್ಟು ಅವತ್ತ ಇಳದೈತಿ, ಪ್ರಭಾ."

ತಂಗಿಯ ಕೈ ಚೌಕಟ್ಟಿನಿಂದ ತಾನೇ ಜಾರಿತು. ಪದ್ಮಕ್ಕ ಪಾಸ್‌ಪೋರ್ಟು ಕೈಚೀಲದಲ್ಲಿದೆಯೇ ಅಂತ ಮುಟ್ಟಿ ನೋಡಿಕೊಂಡು, ಸೂಟ್‌ಕೇಸಿನ ಚಕ್ರ ಹೊಸ್ತಿಲು ದಾಟಿಸಿ, ಸ್ಯಾಂಡ್ರಿಂಗಮ್ ರಸ್ತೆಯ ಕಡೆಗೆ ಇಳಿದು ಹೋದಳು.