ಬೆಳಗಿನ ಸೊನ್ನೆ

ಜರಗನಹಳ್ಳಿಯ ಚಿಕ್ಕಬೈರಪ್ಪ ರಾತ್ರಿ ಕುಡಿಯುವುದನ್ನು ಯಾರಿಂದಲೂ ಮುಚ್ಚಿಟ್ಟವನಲ್ಲ. ತಲೆ ಸಿಡಿಯುತ್ತಿದ್ದರೂ ಬೆಳಿಗ್ಗೆ ಆರಕ್ಕೆಲ್ಲ ತನ್ನ ನೀರಿನ ಟ್ಯಾಂಕರ್ ಹತ್ತುತ್ತಿದ್ದ. ಎರಡು ವರ್ಷದ ಹಿಂದೆ ಅಂಥದೇ ಒಂದು ಬೆಳಿಗ್ಗೆ, ರಸ್ತೆ ಪಕ್ಕದ ತನ್ನ ಮನೆ ಬಾಗಿಲಲ್ಲಿ ರಂಗೋಲಿ ಬಿಡುತ್ತಿದ್ದ ಸ್ವಂತ ತಂಗಿ ಸೊಣ್ಣಮ್ಮನ ಮೇಲೆ ಚಕ್ರ ಹತ್ತಿತು. ಕುಡಿದಿದ್ದಾನೋ ನೋಡಲು ಪೊಲೀಸರು ಮೆಷಿನ್‌ಗೆ ಊದಿಸಿದರು. ಸೊನ್ನೆ ಬಂತು. ಸೊಣ್ಣಮ್ಮನ ಎಡಗಾಲು ಹೋಯಿತು, ಚಿಕ್ಕಬೈರಪ್ಪನದು ತಪ್ಪಿಲ್ಲ ಎಂದಾಯಿತು. "ಸೊನ್ನೆ ಕಣ್ರೀ, ಸೊನ್ನೆ!" ಎಂದು ಅವನು ಆಸ್ಪತ್ರೆಯಲ್ಲಿ, ನೆಂಟರ ಮನೆಯಲ್ಲಿ, ಬಸ್ ಸ್ಟಾಪಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದ. ಪಾಪ, ಆ ಸೊನ್ನೆಯೊಂದನ್ನು ನೆಚ್ಚಿಕೊಂಡೇ ಅವನ ಗಂಟಲಲ್ಲಿ ಅನ್ನ ಇಳಿಯುತ್ತಿತ್ತು.

ಅವನ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಅರ್ಪಿತ ಸಂಶೋಧನಾ ವಿದ್ಯಾರ್ಥಿನಿ. ಕುಡಿದ ಮರುದಿನ, ಅಮಲೆಲ್ಲ ಇಳಿದ ಮೇಲೆ, ಮನುಷ್ಯನ ಕೈಕಾಲು ಹೇಗೆ ಕೆಲಸ ಮಾಡುತ್ತವೆ ಎಂಬುದೇ ಅವಳ ವಿಷಯ. ಪರೀಕ್ಷೆಗೆ ಜನ ಬೇಕೆಂದಾಗ ಚಿಕ್ಕಬೈರಪ್ಪ ಮೀಸೆ ತಿರುವಿಕೊಂಡು ಹೊರಟ. ತನ್ನ ಸೊನ್ನೆಗೆ ಓದಿದವರ ಮುದ್ರೆಯೂ ಬೀಳಲಿ ಎಂಬ ಆಸೆ. ಪರದೆಯ ಮೇಲೆ ಕೆಂಪು ದೀಪ ಹೊತ್ತಿದ ಕೂಡಲೇ ಪೆಡಲ್ ತುಳಿಯಬೇಕು, ಅಷ್ಟೇ. ಕುಡಿಯದೆ ಮಲಗಿದ ಮರುದಿನ ಒಮ್ಮೆ, ಕುಡಿದು ಮಲಗಿದ ಮರುದಿನ ಒಮ್ಮೆ ತುಳಿದ. ಎರಡೂ ದಿನ ಉಸಿರಿನ ಮೆಷಿನ್ ಸೊನ್ನೆಯನ್ನೇ ತೋರಿಸಿತು.

"ಆದ್ರೆ ಅಂಕಲ್, ಕುಡಿದಿದ್ದ ಮಾರನೇ ದಿನ ನಿಮ್ಮ ಕಾಲು ಲೇಟು," ಎಂದಳು ಅರ್ಪಿತ.

"ಎಷ್ಟಮ್ಮ?"

"ಗಾಡಿ ಮೆಲ್ಲಗೆ ಹೋಗ್ತಿದ್ರೂ ಒಂದು ಮಾರು ಮುಂದೆ ಹೋಗಿ ನಿಲ್ಲುತ್ತೆ."

ಆ ಹುಡುಗಿಗೆ ಸೊಣ್ಣಮ್ಮನ ಕಥೆ ಗೊತ್ತಿರಲಿಲ್ಲ. ಚಿಕ್ಕಬೈರಪ್ಪ ಮನಸ್ಸಿನಲ್ಲೇ ಆ ಒಂದು ಮಾರನ್ನು ಅಳೆದ. ಆವತ್ತು ಟ್ಯಾಂಕರ್ ಒಂದು ಮಾರು ಹಿಂದೆ ನಿಂತಿದ್ದರೆ ತಂಗಿ ಇವತ್ತಿಗೂ ಎರಡು ಕಾಲಲ್ಲಿ ಓಡಾಡಿಕೊಂಡಿರುತ್ತಿದ್ದಳು.

"ಆಗಿದ್ದು ಆಗೋಯ್ತು, ಈಗ್ಯಾಕೆ ಕೆದಕ್ತೀರ?" ಎಂದು, ತಂಗಿಯ ಮನೆಗೆ ಹೊರಟವನನ್ನು ಹೆಂಡತಿ ಲಕ್ಷ್ಮಿದೇವಮ್ಮ ತಡೆದಳು. ಸುಮ್ಮನಿದ್ದಿದ್ದರೆ ಕೇಳುವವರೂ ಯಾರೂ ಇರಲಿಲ್ಲ. ಆದರೂ ಹೋದ. ತಂಗಿಯ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟ. "ತಪ್ಪು ನಂದೇ ಕಣವ್ವ. ಕುಡಿದಿದ್ದು ಇಳಿದಿತ್ತು, ಆದ್ರೆ ನಾನು ಸರಿಯಾಗಿರ್ಲಿಲ್ಲ."

ಶಾಪ ಹಾಕುತ್ತಾಳೆ ಎಂದುಕೊಂಡಿದ್ದ. ಸೊಣ್ಣಮ್ಮ ಊರುಗೋಲನ್ನು ಪಕ್ಕಕ್ಕಿಟ್ಟಳು.

"ರಂಗೋಲಿ ನೆಟ್ಟಗೈತಾ ನೋಡಾಣ ಅಂತ ಒಂದ್ ಹೆಜ್ಜೆ ಹಿಂದಕ್ಕೆ, ರೋಡಿಗೆ ಇಟ್ಟಿದ್ದೆ ಕಣಣ್ಣ. ಅಣ್ಣಂದು ತಪ್ಪಿಲ್ಲ ಅಂದ್ಮೇಲೆ ನಂದೇ ಅಂದ್ಕೊಂಡೆ. ಎರಡ್ ವರ್ಷ ದಿನಾ ನನ್ನನ್ನೇ ಬೈಕೊಂಡೆ. ಮನೇರೂ ಬೈದ್ರು. ನೀನೂ ಬೈದಿದ್ದೆ, ಆಸ್ಪತ್ರೇಲಿ, ನಂಗೆ ಇನ್ನೂ ಎಚ್ಚರ ಪೂರ್ತಿ ಬಂದಿರ್ಲಿಲ್ಲ."