ಕ್ಲಬ್ಬಿನ ಇತಿಹಾಸದಲ್ಲಿ ಇಲ್ಲದ ತಾಡಪತ್ರಿ

ನಮ್ಮ ಬೆಟಗೇರಿ ಫುಟ್‌ಬಾಲ್ ಕ್ಲಬ್ಬಿನ ಇತಿಹಾಸ ಅಚ್ಚಾಗಿ ಬಂದಿದೆ. ನುಣುಪು ಕಾಗದ, ಬಣ್ಣದ ಫೋಟೋ, ಎರಡು ಪುಟಕ್ಕೊಮ್ಮೆ ಅಧ್ಯಕ್ಷರ ಮುಖ. ಬರೆದವನು ನಾನು. ಓದಿ ಹೇಸಿಗೆಪಟ್ಟವನೂ ನಾನೇ.

ಅಧ್ಯಕ್ಷರು ಎಂದರೆ ನಾನು ತಂಡದಲ್ಲಿದ್ದ ಕಾಲದ ನಮ್ಮ ಕ್ಯಾಪ್ಟನ್. ಹೋದ ವರ್ಷ ಅವರೇ ಫೋನ್ ಮಾಡಿದ್ದರು.

"ಲೇ ತಮ್ಮಾ, ಫೇಸ್‌ಬುಕ್ಕಿನ್ಯಾಗ ದಿನಾ ಏನರ ಗೀಚ್ತಿರ್ತಿ. ನಮ್ಮ ಕ್ಲಬ್ಬಿಂದೂ ಬರಿ. ಆ ಫಾರಿನ್ ಕ್ಲಬ್ಬಿನವರ ಹಿಸ್ಟರಿ ಇರತೈತಲ್ಲ, ಹಂಗಿರಬೇಕು. ನಾವೇನ್ ಕಡಿಮಿ ಇದ್ದೀವೇನು?"

ಗೆದ್ದ ಕಪ್ಪುಗಳ ಲೆಕ್ಕದಲ್ಲಿ ಕಡಿಮೆಯೇನಿಲ್ಲ. ಧಾರವಾಡದಿಂದ ಬೇರೆಯಾಗಿ ಗದಗ ಹೊಸ ಜಿಲ್ಲೆಯಾದ ಮೊದಲ ವರ್ಷಗಳವು. ಶಿರಹಟ್ಟಿಯವರು ಬಂದು ಸೋತರು, ಲಕ್ಷ್ಮೇಶ್ವರದವರು ಬಂದು ಸೋತರು, ಹುಲಕೋಟಿಯವರಂತೂ ಹೊಸ ಬೂಟು ಹಾಕಿಕೊಂಡು ಬಂದು ಸೋತರು. ಬೆಟಗೇರಿ ಮೈದಾನದಲ್ಲಿ ನಮ್ಮನ್ನು ಯಾರೂ ಸೋಲಿಸಲಾರರು ಎಂಬ ಮಾತು ಜಿಲ್ಲೆಯೆಲ್ಲ ಹಬ್ಬಿತ್ತು. ಇವರು ಬೆಟಗೇರಿ ಮೈದಾನದಲ್ಲೇ ಯಾಕೆ ಗೆಲ್ಲುತ್ತಾರೆ, ಬೇರೆ ಕಡೆ ಯಾಕೆ ಸೋಲುತ್ತಾರೆ ಎಂದು ಯಾರೂ ಕೇಳಲಿಲ್ಲ.

ಹೇಳುತ್ತೇನೆ. ಸುಗ್ಗಿಯಲ್ಲಿ ಆ ಮೈದಾನದ ತುಂಬ ಮೆಣಸಿನಕಾಯಿ ಒಣಗಲು ಹರಡುತ್ತಿದ್ದರು. ಆಟದ ಹಿಂದಿನ ದಿನ ಚೀಲಕ್ಕೆ ತುಂಬಿಕೊಂಡು ಹೋದರೆ ನೆಲದಲ್ಲಿ ಬೀಜ, ತೊಟ್ಟು, ಕೆಂಪು ಪುಡಿ ಉಳಿಯುತ್ತಿತ್ತು. ಅದನ್ನು ಗುಡಿಸಿ ನೀರು ಹೊಡೆಯುವುದು ಊರಿನ ತಂಡದ ಕೆಲಸ. ನಾವು ಚೊಕ್ಕವಾಗಿಯೇ ಗುಡಿಸುತ್ತಿದ್ದೆವು. ಗುಡಿಸಿದ್ದನ್ನು ಒಯ್ದು ಒಂದೇ ಗೋಲಿನ ಹಿಂದೆ ಗುಡ್ಡೆ ಹಾಕುತ್ತಿದ್ದೆವು. ಸಂಜೆಯ ಗಾಳಿ ಆ ಕಡೆಯಿಂದಲೇ ಮೈದಾನಕ್ಕೆ ನುಗ್ಗುತ್ತಿತ್ತು.

ನಮ್ಮ ಗೋಲ್‌ಕೀಪರ್ ಆ ಕಡೆ ನಿಂತಾಗ ಗುಡ್ಡೆಯ ಮೇಲೆ ತಾಡಪತ್ರಿ, ಅದೇ ಟಾರ್ಪಾಲಿನ್, ಮುಚ್ಚಿರುತ್ತಿತ್ತು. ಎದುರಿನವರ ಕೀಪರ್ ಬಂದಾಗ ತಾಡಪತ್ರಿ ಮಾಯ. ಅವನು ಕಣ್ಣುಜ್ಜುವಷ್ಟರಲ್ಲಿ ನಾವು ಗೋಲು ಹೊಡೆದಿರುತ್ತಿದ್ದೆವು. ನೋಡಿದವರಿಗೆ ಅದು ಬರೀ ಕಸದ ಗುಡ್ಡೆ. ಮುಚ್ಚುವ, ತೆಗೆಯುವ ಕೆಲಸ ನನ್ನದು. ನಾನು ಹೆಚ್ಚುವರಿ ಆಟಗಾರ, ಬೆಂಚಿನ ಮೇಲೆ ಕೂರುವುದು ಬಿಟ್ಟರೆ ಬೇರೆ ಉದ್ಯೋಗ ಇರಲಿಲ್ಲ.

ಒಮ್ಮೆ ಮುಂಡರಗಿ ತಂಡ ಬಂತು. ಅವರ ಕೀಪರ್ ಹಮ್ಮಿಗಿಯವನು, ನನ್ನದೇ ವಯಸ್ಸು. ಹೊಳೆದಂಡೆಯ ಹೊಲದಲ್ಲಿ ಅವರ ಮನೆಯವರು ಕಲ್ಲಂಗಡಿ ಬೆಳೆಯುತ್ತಿದ್ದರು. ಗಾಡಿಗೆ ಹೇರುವಾಗ ಸಾಲಾಗಿ ನಿಂತು ಒಬ್ಬರಿಂದೊಬ್ಬರಿಗೆ ಹಣ್ಣು ಎಸೆಯುತ್ತಾರಲ್ಲ, ಆ ಸಾಲಿನಲ್ಲಿ ನಿಂತು ಕಲಿತ ಕೈ ಅವನದು. ಚೆಂಡು ಬಂದರೆ ತಡೆಯುತ್ತಿರಲಿಲ್ಲ, ಒಡೆಯಬಾರದೆಂಬಂತೆ ಎದೆಗೆ ತೆಗೆದುಕೊಳ್ಳುತ್ತಿದ್ದ. ಅವನನ್ನು ನೋಡಲೆಂದೇ ಗೋವಾದ ದೊಡ್ಡ ಕ್ಲಬ್ಬೊಂದರಿಂದ ಒಬ್ಬರು ಬಂದಿದ್ದರು. ಅಲ್ಲಿ ಆಟವೇ ನೌಕರಿ, ತಿಂಗಳಿಗೆ ಪಗಾರ. ಅವರಿಗೆ ಹಿಡಿಸಿದರೆ ಹುಡುಗ ಆ ವಾರವೇ ಗೋವಾದ ರೈಲು ಹತ್ತುವವನಿದ್ದ.

ಮೊದಲರ್ಧದಲ್ಲಿ ಅವನು ಗುಡ್ಡೆಯಿಲ್ಲದ ಕಡೆಯ ಗೋಲಿನಲ್ಲಿದ್ದ; ನಮ್ಮ ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ಗೋವಾದವರು ಕುರ್ಚಿಯಿಂದೆದ್ದು ಗೆರೆಯ ಹತ್ತಿರ ಬಂದು ನಿಂತರು. ವಿರಾಮದಲ್ಲಿ ಕ್ಯಾಪ್ಟನ್ ನನ್ನ ತೋಳು ಹಿಡಿದ.

"ತಾಡಪತ್ರಿ ಪೂರಾ ಎಳಿ."

"ಅಣ್ಣಾ, ಅಂವನ್ನ ನೋಡಾಕ ಅಷ್ಟ ದೂರದಿಂದ ಬಂದಾರ. ಇವತ್ತೊಂದಿನ ಬ್ಯಾಡ."

"ಬಂದಾರಂತನ ಹೇಳಾಕ್ಹತ್ತೀನಿ. ಅಂವ ಏನ್ ನಿನ್ನ ಅಳಿಯನ? ಎಳೀತೀಯೋ, ನಾಳಿಂದ ಮನ್ಯಾಗ ಕುಂಡ್ರತೀಯೋ?"

ಎಳೆದೆ. ಬೆಂಚಿನ ಜಾಗವಾದರೂ ಉಳಿಯಲಿ ಅಂತ ಎಳೆದೆ. ಎಂಥ ಜಾಗ ನೋಡಿ!

ಗಾಳಿ ಎದ್ದಿತು. ಹುಡುಗ ಕೆಮ್ಮಿದ, ಸೀನಿದ, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡ, ಇನ್ನಷ್ಟು ಉರಿಸಿಕೊಂಡ. ಮೂರು ಗೋಲು ಹೋದವು. ಮೂರನೆಯದು ಎಷ್ಟು ನಿಧಾನವಾಗಿ ಉರುಳಿತೆಂದರೆ ನಮ್ಮಜ್ಜಿಯೂ ಬಗ್ಗಿ ಹಿಡಿಯುತ್ತಿದ್ದಳು. ಅವನು ಅದರ ಪಕ್ಕಕ್ಕೆ ಬಿದ್ದು ನೆಲ ತಡಕಾಡಿದ. ಜನ ನಕ್ಕರು. ನಾನೂ ನಕ್ಕೆ.

ಇದು ಹೊಲಸಿನ ಅರ್ಧ ಭಾಗ ಮಾತ್ರ.

ಆಟ ಮುಗಿದ ಮೇಲೆ ಗೋವಾದವರು ಅವನ ಹತ್ತಿರ ಬಂದು, ಕಣ್ಣಿಗೆ ಏನಾಯಿತು ಎಂದು ಹಿಂದಿಯಲ್ಲಿ ಕೇಳಿದರು. ಅವನಿಗೆ ಹಿಂದಿ ಬಾರದು. ನಮ್ಮ ಮನೆಮಾತು ಉರ್ದು, ಹಾಗಾಗಿ ನನ್ನನ್ನೇ ಮುಂದೆ ತಳ್ಳಿದರು. ಹುಡುಗ ನನ್ನ ಕೈ ಹಿಡಿದುಕೊಂಡು ಅಂದ, "ಗೋಲಿನ ಹಿಂದ ಖಾರದ ಪುಡಿ ಐತ್ರಿ, ಗಾಳಿಗೆ ಕಣ್ಣಾಗ ಬಂತು. ಇನ್ನೊಂದ ಸಲ ಆಕಡಿ ಗೋಲಿನ್ಯಾಗ ನಿಂದ್ರಸಿ ನೋಡ್ರಿ ಅಂತ ಹೇಳ್ರಿ ಇವರಿಗೆ."

ಕ್ಯಾಪ್ಟನ್ ನನ್ನ ಬೆನ್ನಿಗೇ ನಿಂತಿದ್ದ. ನಾನು ಹಿಂದಿಯಲ್ಲಿ ಹೇಳಿದೆ: "ಮೊದಲಿನಿಂದಲೂ ಇವನ ಕಣ್ಣು ಸ್ವಲ್ಪ ಮಂದವಂತೆ ಸರ್."

ಅವರು ಅಯ್ಯೋ ಎನ್ನುವಂತೆ ತಲೆಯಾಡಿಸಿ, ಆಟ ನೋಡಲು ಬಂದಿದ್ದ ನಾಲ್ಕು ಜನರಿಗೂ ಅದನ್ನೇ ಹೇಳಿ ಹೊರಟುಹೋದರು. ಹುಡುಗ ಮಾತ್ರ ನನಗೆ ಕೈ ಮುಗಿದ. ತನ್ನ ಮಾತನ್ನೇ ನಾನು ತಿಳಿಸಿದೆ ಎಂದುಕೊಂಡಿದ್ದ.

ಹೋದ ವರ್ಷ ಈ ಪುಸ್ತಕಕ್ಕೆ ಆ ಆಟದ ಫೋಟೋ ಆ ಕೀಪರ್ ಹತ್ತಿರ ಸಿಕ್ಕೀತೆಂದು ಅಧ್ಯಕ್ಷರು ನನ್ನನ್ನು ಹಮ್ಮಿಗಿಗೆ ಅಟ್ಟಿದರು. ಪುಸ್ತಕ ಬಿಡುಗಡೆಯ ಸಮಾರಂಭದಲ್ಲಿ ಅವನಿಗೊಂದು ಶಾಲು ಹೊದಿಸುವ ಏರ್ಪಾಡೂ ಇತ್ತಂತೆ. ಬಸ್ಸಿಳಿದು ಹೊಲಕ್ಕೆ ಹೋದೆ. ಟ್ರಾಕ್ಟರಿಗೆ ಕಲ್ಲಂಗಡಿ ಹೇರುತ್ತಿದ್ದರು. ಅವನ ಗಡ್ಡ ಬೆಳ್ಳಗಾಗಿದೆ, ಹಣ್ಣು ಹಿಡಿಯುವ ಕೈ ಅದೇ. ಬದುವಿನ ಮೇಲೆ ಕೂರಿಸಿ ಒಂದು ಹಣ್ಣು ಕೊಯ್ದು ಕೊಟ್ಟ. ನಾನು ತಾಡಪತ್ರಿಯ ಕಥೆಯನ್ನೂ ಹಿಂದಿಯಲ್ಲಿ ಹೇಳಿದ ಮಾತನ್ನೂ ಬಿಚ್ಚಿಟ್ಟೆ.

"ಖಾರ ನೀವ ಇಟ್ಟಿದ್ದು ಅವತ್ತ ಗೊತ್ತಾತು," ಅಂದ. "ಮೆಣಸಿನಕಾಯಿ ಘಾಟು ತಿಳೀದಂವ ಈ ಸೀಮ್ಯಾಗ ಅದಾನೇನು? ಆದ್ರ ನೀ ಹಿಂಗ ಹೇಳಿದ್ದು ಗೊತ್ತಿರಲಿಲ್ಲಪಾ. ನಾ ಊರಾಗೆಲ್ಲಾ, ಬೆಟಗೇರ್ಯಾಗ ಒಬ್ಬ ಚಲೋ ಮನಷಾ ಇದ್ದ, ನನ್ನ ಪರವಾಗಿ ಮಾತಾಡಿದ, ಅಂತ ಹೇಳ್ಕೋಂತ ಬಂದೀನಿ."

ಕೈಯಲ್ಲಿದ್ದ ಹೋಳನ್ನು ಬದುವಿನ ಮೇಲಿಟ್ಟೆ.

ಅವನು ಮುಂದುವರಿಸಿದ. "ಕಣ್ಣು ಮಂದ ಅನ್ನೋ ಮಾತು ಎಲ್ಲಿಂದ ಹುಟ್ತು ಅಂತ ಈಗ ತಿಳೀತು ನೋಡು. ನನ್ನ ತಂಗಿ ನೋಡಾಕ ಬಂದ ಬೀಗರು, ಇವರ ಮನಿತನದಾಗ ಕಣ್ಣಿನ ದೋಷ ಐತಂತ ಎದ್ದು ಹೋದ್ರು. ಎರಡ ಸಲ. ಈಗ ಮಗಳದೈತಿ ಪಾಳಿ. ನನಗ ನಿಮ್ಮ ಶಾಲು ಬ್ಯಾಡ. ನನ್ನ ಕಣ್ಣು ಚಲೋ ಅದಾವ ಅಂತ ನಿನ್ನ ಪುಸ್ತಕದಾಗ ಒಂದ ಸಾಲು ಬರಿ. ಅಷ್ಟ ಸಾಕು."

ಒಂದು ಸಾಲಲ್ಲ, ಮೂರು ಪುಟ ಬರೆದೆ. ತಾಡಪತ್ರಿ, ಗುಡ್ಡೆ, ನನ್ನ ಸುಳ್ಳು, ಎಲ್ಲ. ಓದಿದ ಅಧ್ಯಕ್ಷರು ಮನೆಗೇ ಬಂದರು.

"ತಲಿ ನೆಟ್ಟಗೈತೇನಲೇ? ಹಳೇ ಹೊಲಸು ಯಾಕ ಕೆದರ್ತಿ?"

"ಹಂಗಾರ ಮೂರೂ ಪುಟ ತಗೀರಿ ಅಣ್ಣಾ. ಅಂವನ ಕಣ್ಣು ಚಲೋ ಇದ್ದವು ಅನ್ನೋ ಒಂದ ಸಾಲು ಇರಲಿ."

"ಆತ್ ಬಿಡು. ಅಂವಂದೂ ಒಂದ ಸಾಲು ಹಾಕ್ತೀನಿ."

ಮಾತಿಗೆ ತಪ್ಪಲಿಲ್ಲ, ಹಾಕಿದ್ದಾರೆ. ಹೊಸ ಜಿಲ್ಲೆಯಲ್ಲಿ ಕ್ಲಬ್ಬಿನ ಸುವರ್ಣಯುಗ ಎಂಬ ಅಧ್ಯಾಯದ ಕೊನೆಗಿದೆ: "ದೃಷ್ಟಿದೋಷವಿದ್ದರೂ ಎದೆಗುಂದದೆ ಆಡಿದ ಹಮ್ಮಿಗಿಯ ಗೋಲ್‌ಕೀಪರ್‌ಗೆ ನಮ್ಮ ಕ್ಲಬ್ ಸದಾ ಗೌರವ ಸಲ್ಲಿಸುತ್ತದೆ." ಕೆಳಗೆ ಲೇಖಕ ಎಂದು ನನ್ನ ಹೆಸರು.

ಅಂದರೆ ಅದೇ ಸುಳ್ಳನ್ನು ಎರಡನೆಯ ಸಲವೂ ನಾನೇ ಹೇಳಿದಂತಾಯಿತು. ಈ ಸಲ ಅಚ್ಚಿನಲ್ಲಿ, ಬಣ್ಣದಲ್ಲಿ. ಸಮಾರಂಭಕ್ಕೆ ಅವನು ಬರಲಿಲ್ಲ. ಆ ಶಾಲನ್ನೂ ಒಂದು ಪ್ರತಿಯನ್ನೂ ಅವನಿಗೆ ಮುಟ್ಟಿಸು ಎಂದು ನನ್ನ ಕೈಗೇ ಕೊಟ್ಟಿದ್ದಾರೆ. ಎರಡೂ ನಮ್ಮ ಮನೆಯ ಬಾಗಿಲ ಹಿಂದೆ ಬಿದ್ದಿವೆ. ಒಯ್ಯುವುದಿಲ್ಲ.

ಹಮ್ಮಿಗಿ, ಮುಂಡರಗಿ ಕಡೆಯವರು ಬಹಳ ಮಂದಿ ಫೇಸ್‌ಬುಕ್ಕಿನಲ್ಲಿ ಇದನ್ನು ಓದುತ್ತೀರಿ. ಆ ಕಡೆ ಹೆಣ್ಣು ನೋಡಲು ಹೋಗುವವರೂ ಇರುತ್ತೀರಿ. ಇದನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ: ಆ ಮನುಷ್ಯನ ಕಣ್ಣಿಗೆ ಏನೂ ಆಗಿಲ್ಲ, ಆ ಮನೆಯಲ್ಲಿ ಯಾರ ಕಣ್ಣಿಗೂ ಏನೂ ಆಗಿಲ್ಲ. ಅವತ್ತು ಅವನ ಬೆನ್ನ ಹಿಂದೆ ಮೆಣಸಿನಕಾಯಿ ಪುಡಿಯಿತ್ತು. ತಾಡಪತ್ರಿ ಎಳೆದವನು ನಾನು.